ಕೃಷಿ ವೃತ್ತಿ ತರಬೇತಿ ಮತ್ತು ಪ್ರಮಾಣಪತ್ರಗಳು: ಬಿಳಿಚೋಡು ಹೋಬಳಿಯ ಅರ್ಜಿದಾರರ ತಿಳುವಳಿಕೆಗಾಗಿ

1. ಪೀಠಿಕೆ

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಕಸಬಾ, ಬಿಳಿಚೋಡು ಮತ್ತು ಸೊಕ್ಕೆ ಎಂಬ ಮೂರು ಹೋಬಳಿಗಳಿವೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಈ ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ರಾಜ್ಯದ ಹತ್ತು ಕೃಷಿ ಹವಾಮಾನ ವಲಯಗಳ ಪೈಕಿ ಜಗಳೂರು ಮಧ್ಯ ಒಣ ವಲಯದಲ್ಲಿದೆ. ಇದೇ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ ಮತ್ತು ನ್ಯಾಮತಿ ಭಾಗಗಳಲ್ಲಿ ಭದ್ರಾ ನಾಲೆಯ ನೀರಿನಿಂದ ಭತ್ತ ಹಾಗೂ ಅಡಿಕೆ ಬೆಳೆಯಲಾಗುತ್ತಿದ್ದರೆ, ಬಿಳಿಚೋಡು ಭಾಗದ ರೈತರು ಬಹುಮಟ್ಟಿಗೆ ಮಳೆಯನ್ನೂ ಕೊಳವೆ ಬಾವಿಯನ್ನೂ ಅವಲಂಬಿಸಿ ಮೆಕ್ಕೆಜೋಳ, ರಾಗಿ, ಜೋಳ, ಶೇಂಗಾ, ತೊಗರಿ, ಈರುಳ್ಳಿ ಮುಂತಾದ ಬೆಳೆಗಳನ್ನು ಬೆಳೆಯುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಾಗ ಮಳೆಯಾಶ್ರಿತ ಬೇಸಾಯದ ಅನಿಶ್ಚಿತತೆ ಮತ್ತೊಮ್ಮೆ ಎಲ್ಲರ ಅರಿವಿಗೆ ಬಂದಿತು. ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರಾ ನದಿಯಿಂದ ನೀರು ತುಂಬಿಸುವ ಏತ ನೀರಾವರಿ ಯೋಜನೆಯು ಈ ಭಾಗದಲ್ಲಿ ಹೊಸ ನಿರೀಕ್ಷೆಯನ್ನು ಮೂಡಿಸಿದೆ.

ಇಂತಹ ಪ್ರದೇಶದಲ್ಲಿ ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಮುಗಿಸಿದ ಯುವಕ ಯುವತಿಯರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳು ಕಾಣುತ್ತವೆ: ಪಟ್ಟಣಕ್ಕೆ ದುಡಿಮೆಗಾಗಿ ಹೋಗುವುದು, ಇಲ್ಲವೇ ಊರಿನಲ್ಲಿಯೇ ನಿಂತು ಬೇಸಾಯಕ್ಕೆ ಸಂಬಂಧಿಸಿದ ವೃತ್ತಿಯನ್ನು ಕೈಗೊಳ್ಳುವುದು. ಎರಡನೆಯ ದಾರಿಗೆ ನೆರವಾಗುವ ಸಲುವಾಗಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು, ಕೃಷಿ ವಿಶ್ವವಿದ್ಯಾನಿಲಯಗಳು ಹಾಗೂ ಬ್ಯಾಂಕುಗಳು ಹಲವು ಬಗೆಯ ತರಬೇತಿಗಳನ್ನು ನಡೆಸುತ್ತಿವೆ. ಆದರೆ ಎಲ್ಲ ತರಬೇತಿಯ ಕೊನೆಯಲ್ಲಿ ದೊರೆಯುವ ಕಾಗದಕ್ಕೆ ಒಂದೇ ಬೆಲೆಯಿರುವುದಿಲ್ಲ. ಏಳು ದಿನಗಳ ತರಬೇತಿಯ ಪ್ರಮಾಣಪತ್ರವನ್ನು ಹಿಡಿದು ಗೊಬ್ಬರದ ಅಂಗಡಿಯ ಪರವಾನಗಿಗೆ ಅರ್ಜಿ ಸಲ್ಲಿಸುವುದು, ಹತ್ತು ತಿಂಗಳ ತರಬೇತಿಯನ್ನು ಡಿಪ್ಲೊಮಾ ಎಂದು ಭಾವಿಸಿ ಸೇರುವುದು, ಮಾನ್ಯತೆಯಿಲ್ಲದ ಸಂಸ್ಥೆಗೆ ಶುಲ್ಕ ಕಟ್ಟಿ ಒಂದು ವರ್ಷ ಕಳೆದುಕೊಳ್ಳುವುದು, ಇವೆಲ್ಲವೂ ಮಾಹಿತಿಯ ಕೊರತೆಯಿಂದ ಆಗಬಹುದಾದ ನಷ್ಟಗಳು. ಆದುದರಿಂದ ಯಾವ ಪ್ರಮಾಣಪತ್ರವು ಯಾವ ಉದ್ದೇಶಕ್ಕೆ ಸಲ್ಲುತ್ತದೆ ಎಂಬುದನ್ನು ಅರ್ಜಿದಾರರು ಮೊದಲು ತಿಳಿದು ಅನಂತರ ಅರ್ಜಿ ಸಲ್ಲಿಸಲಿ ಎಂಬುದೇ ಈ ಮಾಹಿತಿಯ ಉದ್ದೇಶ.

2. ತರಬೇತಿ ವ್ಯವಸ್ಥೆ ಬೆಳೆದುಬಂದ ಬಗೆ

ಕೃಷಿಯನ್ನು ಮಾಡಿ ಕಲಿಯುವ ವೃತ್ತಿಯೆಂದು ಪರಿಗಣಿಸಿ ಅದಕ್ಕೆಂದೇ ಪ್ರತ್ಯೇಕ ಸಂಸ್ಥೆಗಳು ಬೇಕೆಂಬ ಸಲಹೆಯನ್ನು 1964-66ರ ಶಿಕ್ಷಣ ಆಯೋಗವು ನೀಡಿತ್ತು. 1973ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಡಾ. ಮೋಹನ್ ಸಿಂಗ್ ಮೆಹ್ತಾ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು ಕೃಷಿ ವಿಜ್ಞಾನ ಕೇಂದ್ರಗಳ ರೂಪರೇಷೆಯನ್ನು ಸಿದ್ಧಪಡಿಸಿತು. ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರವು 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಯಿತು. ದಾವಣಗೆರೆಗೆ ನೆರೆಯ ಹಾವೇರಿ ಜಿಲ್ಲೆಯ ಹನುಮನಮಟ್ಟಿಯಲ್ಲಿ 1976ರಲ್ಲಿ ಸ್ಥಾಪನೆಯಾದ ಕೇಂದ್ರವು ಕರ್ನಾಟಕದ ಮೊದಲ ಕೇಂದ್ರಗಳಲ್ಲಿ ಒಂದು. ದಾವಣಗೆರೆ ಜಿಲ್ಲೆಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ. ಸಿರಿಗೆರೆಯ ತರಳಬಾಳು ಗ್ರಾಮೀಣಾಭಿವೃದ್ಧಿ ಪ್ರತಿಷ್ಠಾನವು ಇದರ ಆತಿಥೇಯ ಸಂಸ್ಥೆಯಾಗಿದೆ.

ಹೋಬಳಿ ಮಟ್ಟದಲ್ಲಿ ರೈತರಿಗೆ ಸಲಹೆ ಮತ್ತು ಪರಿಕರಗಳನ್ನು ಒದಗಿಸಲು ಕೃಷಿ ಇಲಾಖೆಯು ರೈತ ಸಂಪರ್ಕ ಕೇಂದ್ರಗಳನ್ನು ಸ್ಥಾಪಿಸಿದೆ. ತರಬೇತಿಗಳ ಪ್ರಕಟಣೆಗಳನ್ನು ಬಿಳಿಚೋಡಿನ ಅರ್ಜಿದಾರರು ಮೊದಲು ವಿಚಾರಿಸಬೇಕಾದ ಸ್ಥಳವೂ ಅದೇ. ಇದಲ್ಲದೆ ದಾವಣಗೆರೆ ತಾಲ್ಲೂಕಿನ ಕಾಡಜ್ಜಿಯಲ್ಲಿ ಕೃಷಿ ಇಲಾಖೆಯ ಜಿಲ್ಲಾ ಕೃಷಿ ತರಬೇತಿ ಕೇಂದ್ರವಿದೆ.

ವೃತ್ತಿ ಕೌಶಲ್ಯಗಳನ್ನು ದೇಶದಾದ್ಯಂತ ಒಂದೇ ಅಳತೆಯಿಂದ ಅಳೆಯುವ ಸಲುವಾಗಿ 2013ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟನ್ನು ಅಧಿಸೂಚಿಸಲಾಯಿತು. 2023ರಲ್ಲಿ ಅದನ್ನು ಪರಿಷ್ಕರಿಸಲಾಗಿದೆ. ಕೃಷಿ ಮತ್ತು ಅದರ ಉಪಕಸುಬುಗಳಿಗೆ ಸಂಬಂಧಿಸಿದ ಕೆಲಸಗಳಿಗೆ ಪಠ್ಯಕ್ರಮ ಹಾಗೂ ಪರೀಕ್ಷೆಯನ್ನು ನಿಗದಿಪಡಿಸುವ ಕಾರ್ಯವನ್ನು ಭಾರತೀಯ ಕೃಷಿ ಕೌಶಲ್ಯ ಪರಿಷತ್ತು ನಿರ್ವಹಿಸುತ್ತಿದೆ.

3. ಪ್ರಮಾಣಪತ್ರಗಳಲ್ಲಿ ನಾಲ್ಕು ಬಗೆ

ಬಿತ್ತನೆ ಬೀಜದ ಚೀಲಕ್ಕೆ ಹೊಲಿದ ಚೀಟಿಯನ್ನು ನೋಡಿ ರೈತರು ಬೀಜದ ದರ್ಜೆಯನ್ನು ಗುರುತಿಸುತ್ತಾರೆ. ಬಿಳಿ ಚೀಟಿಯಿದ್ದರೆ ಮೂಲ ಬೀಜ, ನೀಲಿ ಚೀಟಿಯಿದ್ದರೆ ಪ್ರಮಾಣಿತ ಬೀಜ. ತರಬೇತಿಯ ಪ್ರಮಾಣಪತ್ರವನ್ನೂ ಹೀಗೆಯೇ ಓದಬೇಕಾಗುತ್ತದೆ. ಸ್ಥೂಲವಾಗಿ ಅವುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಅ) ಭಾಗವಹಿಸಿದ ಪ್ರಮಾಣಪತ್ರ: ಒಂದು ದಿನದಿಂದ ಒಂದು ವಾರದವರೆಗಿನ ತರಬೇತಿಗಳಲ್ಲಿ ಹಾಜರಿದ್ದುದಕ್ಕೆ ನೀಡುವ ಪತ್ರ. ಇದು ತಿಳುವಳಿಕೆಗೆ ಸಾಕ್ಷಿಯೇ ಹೊರತು ಪರೀಕ್ಷೆಯಲ್ಲಿ ತೇರ್ಗಡೆಯಾದುದಕ್ಕೆ ಸಾಕ್ಷಿಯಲ್ಲ. ಗ್ರಾಮೀಣ ಯುವಜನರಿಗಾಗಿ ರೂಪಿಸಲಾದ ಏಳು ದಿನಗಳ ಕೌಶಲ್ಯ ತರಬೇತಿಯು ವೃತ್ತಿಯನ್ನು ಪರಿಚಯ ಮಾಡಿಕೊಳ್ಳಲು ಅನುಕೂಲವಾದ ಇಂತಹ ಅಲ್ಪಾವಧಿ ತರಬೇತಿಗೆ ಉದಾಹರಣೆ.

ಆ) ಮೌಲ್ಯಮಾಪನಗೊಂಡ ಕೌಶಲ್ಯ ಪ್ರಮಾಣಪತ್ರ: ನಿಗದಿತ ಪಠ್ಯಕ್ರಮದಂತೆ ತರಬೇತಿ ನೀಡಿ, ತರಬೇತಿ ನೀಡಿದವರಲ್ಲದ ಬೇರೆ ಮೌಲ್ಯಮಾಪಕರು ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ ನಡೆಸಿದ ನಂತರ ನೀಡುವ ಪತ್ರ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ನಡೆಯುವ 200 ಗಂಟೆಗಳ, ಅಂದರೆ ದಿನಕ್ಕೆ ಎಂಟು ಗಂಟೆಯಂತೆ 25 ದಿನಗಳ ತರಬೇತಿಗಳು ಈ ಗುಂಪಿಗೆ ಸೇರುತ್ತವೆ. ಅಣಬೆ ಬೆಳೆಗಾರ, ಗುಣಮಟ್ಟದ ಬೀಜ ಬೆಳೆಗಾರ, ಸಾವಯವ ಬೆಳೆಗಾರ, ಜೇನು ಸಾಕಣೆದಾರ, ತೋಟಗಾರ ಮುಂತಾದ ಹೆಸರಿನಲ್ಲಿ ಈ ತರಬೇತಿಗಳು ನಡೆಯುತ್ತವೆ.

ಇ) ಕಾನೂನಿನ ಅಗತ್ಯಕ್ಕೆ ಸಲ್ಲುವ ಪ್ರಮಾಣಪತ್ರ: ರಸಗೊಬ್ಬರ ಅಥವಾ ಕೀಟನಾಶಕ ಮಾರಾಟದ ಪರವಾನಗಿ, ಡ್ರೋನ್ ಹಾರಿಸುವ ಅನುಮತಿ ಮುಂತಾದವುಗಳಿಗೆ ನಿಯಮದಲ್ಲಿಯೇ ಹೇಳಿರುವ ಅರ್ಹತೆ. ಇಲ್ಲಿ ನಿಯಮದಲ್ಲಿ ಹೇಳಿದ ಪತ್ರವನ್ನು ಬಿಟ್ಟು ಬೇರೆ ಯಾವ ಪತ್ರವೂ ನಡೆಯುವುದಿಲ್ಲ.

ಈ) ಡಿಪ್ಲೊಮಾ ಮತ್ತು ಐ.ಟಿ.ಐ. ಪ್ರಮಾಣಪತ್ರ: ಒಂದು ಅಥವಾ ಎರಡು ವರ್ಷಗಳ ಪೂರ್ಣಾವಧಿ ವ್ಯಾಸಂಗದ ನಂತರ ವಿಶ್ವವಿದ್ಯಾನಿಲಯ ಅಥವಾ ರಾಷ್ಟ್ರೀಯ ಮಂಡಳಿಯಿಂದ ದೊರೆಯುವ ಅರ್ಹತೆ.

ಈ ನಾಲ್ಕರಲ್ಲಿ ಒಂದು ಮೇಲು, ಒಂದು ಕೀಳು ಎಂದು ಭಾವಿಸಬೇಕಾಗಿಲ್ಲ. ಸ್ವಂತ ಹೊಲದಲ್ಲಿ ಎರೆಹುಳು ಗೊಬ್ಬರ ತಯಾರಿಸುವವರಿಗೆ ಡಿಪ್ಲೊಮಾ ಅಗತ್ಯವಿಲ್ಲ. ಅದೇ ರೀತಿ, ಅಂಗಡಿ ತೆರೆಯುವವರಿಗೆ ಎರೆಹುಳು ಗೊಬ್ಬರ ತಯಾರಿಕೆಯ ಪತ್ರದಿಂದ ಪ್ರಯೋಜನವಿಲ್ಲ. ಮೊದಲು ಉದ್ದೇಶ, ಆಮೇಲೆ ತರಬೇತಿ ಎಂಬ ಕ್ರಮವನ್ನು ಪಾಲಿಸುವುದು ಸೂಕ್ತ.

4. ಸ್ವಂತ ಜಮೀನು ಮತ್ತು ಉಪಕಸುಬನ್ನು ಸುಧಾರಿಸಲು ಬಯಸುವವರಿಗೆ

ಹೈನುಗಾರಿಕೆ, ಕುರಿ ಸಾಕಣೆ, ಕೋಳಿ ಸಾಕಣೆ, ಅಣಬೆ, ಜೇನು ಮುಂತಾದ ಉಪಕಸುಬುಗಳಿಗೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಉಚಿತವಾಗಿ ತರಬೇತಿ ನೀಡುತ್ತವೆ. ಈ ವ್ಯವಸ್ಥೆಯ ಮೂಲ ಕರ್ನಾಟಕದಲ್ಲಿಯೇ ಇದೆ. 1982ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದೊಂದಿಗೆ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಈ ಮಾದರಿಯನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಸ್ವೀಕರಿಸಿ, ಬ್ಯಾಂಕುಗಳ ಮೂಲಕ ಜಿಲ್ಲೆಗೊಂದರಂತೆ ತರಬೇತಿ ಸಂಸ್ಥೆಗಳನ್ನು ಸ್ಥಾಪಿಸುವ ಕಾರ್ಯಕ್ರಮವನ್ನು ರೂಪಿಸಿತು. ನೆರೆಯ ಚಿತ್ರದುರ್ಗದಲ್ಲಿಯೂ ರುಡ್‌ಸೆಟ್ ಸಂಸ್ಥೆಯಿದೆ. ಊಟ ಮತ್ತು ವಸತಿ ಉಚಿತ. ಕೃಷಿಗೆ ಸಂಬಂಧಿಸಿದ ತರಬೇತಿಗಳು ಬಹುಪಾಲು ಹತ್ತು ದಿನಗಳ ಆಸುಪಾಸಿನವು. ತರಬೇತಿಯ ನಂತರವೂ ಎರಡು ವರ್ಷಗಳ ಕಾಲ ಅಭ್ಯರ್ಥಿಯ ಸಂಪರ್ಕದಲ್ಲಿದ್ದು ಬ್ಯಾಂಕ್ ಸಾಲ ಪಡೆಯಲು ಮಾರ್ಗದರ್ಶನ ನೀಡುವುದು ಈ ಸಂಸ್ಥೆಗಳ ವಿಶೇಷ.

ತರಬೇತಿ ಪಡೆದ ಮಾತ್ರಕ್ಕೆ ಸಾಲ ಮತ್ತು ಸಹಾಯಧನ ತಾನಾಗಿ ದೊರೆಯುತ್ತದೆ ಎಂಬ ಭಾವನೆ ಹಲವರಲ್ಲಿದೆ. ಇದನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. 2021ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಜಾನುವಾರು ಮಿಷನ್‌ನ ಉದ್ಯಮಶೀಲತಾ ಕಾರ್ಯಕ್ರಮದಲ್ಲಿ ಕುರಿ ಅಥವಾ ಮೇಕೆ ಸಾಕಣೆ ಘಟಕಕ್ಕೆ ಬಂಡವಾಳ ವೆಚ್ಚದ ಶೇ. 50ರಷ್ಟು ಸಹಾಯಧನಕ್ಕೆ ಅವಕಾಶವಿದೆ. 100 ಹೆಣ್ಣು ಮತ್ತು 5 ಗಂಡು ಪ್ರಾಣಿಗಳ ಘಟಕಕ್ಕೆ ಗರಿಷ್ಠ ಸಹಾಯಧನ ರೂ. 10 ಲಕ್ಷ. ಅರ್ಜಿದಾರರು ಸಂಬಂಧಿಸಿದ ವಿಷಯದಲ್ಲಿ ತರಬೇತಿ ಪಡೆದಿರಬೇಕು ಅಥವಾ ಅನುಭವವುಳ್ಳವರ ನೆರವು ಹೊಂದಿರಬೇಕು ಎಂಬುದು ಷರತ್ತುಗಳಲ್ಲಿ ಒಂದು ಮಾತ್ರ. ಘಟಕದ ವೆಚ್ಚ ರೂ. 20 ಲಕ್ಷ ಎಂದಿಟ್ಟುಕೊಂಡರೆ, ಉಳಿದ ರೂ. 10 ಲಕ್ಷವನ್ನು ಬ್ಯಾಂಕ್ ಸಾಲ ಅಥವಾ ಸ್ವಂತ ಹಣದಿಂದ ತರಬೇಕು. ಸಹಾಯಧನವು ಎರಡು ಕಂತುಗಳಲ್ಲಿ ಬಿಡುಗಡೆಯಾಗುವುದರಿಂದ ಆರಂಭದ ಖರ್ಚಿಗೆ ಅದನ್ನೇ ನಂಬಿ ಕುಳಿತುಕೊಳ್ಳುವಂತಿಲ್ಲ. ಜಮೀನು ಸ್ವಂತದ್ದಾಗಿರಬೇಕು ಅಥವಾ ಗುತ್ತಿಗೆ ಪತ್ರವಿರಬೇಕು. ಬೇಸಿಗೆಯಲ್ಲಿ 105 ಪ್ರಾಣಿಗಳಿಗೆ ಮೇವು ಮತ್ತು ನೀರು ಎಲ್ಲಿಂದ ಎಂಬ ಪ್ರಶ್ನೆಗೆ ಒಣ ತಾಲ್ಲೂಕಿನ ಅರ್ಜಿದಾರರು ತರಬೇತಿಗೆ ಮೊದಲೇ ಉತ್ತರ ಕಂಡುಕೊಳ್ಳಬೇಕು.

ಹೈನುಗಾರಿಕೆಗೂ ಇದೇ ಮಾತು ಅನ್ವಯಿಸುತ್ತದೆ. ದಾವಣಗೆರೆ ಜಿಲ್ಲೆಯು ಶಿವಮೊಗ್ಗ ಹಾಲು ಒಕ್ಕೂಟದ ವ್ಯಾಪ್ತಿಗೆ ಸೇರಿದೆ. ಹಾಲು ಹಾಕಲು ಸಮೀಪದಲ್ಲಿ ಸಹಕಾರ ಸಂಘವಿದೆಯೇ ಎಂಬುದನ್ನು ಖಚಿತಪಡಿಸಿಕೊಂಡು ಮುಂದುವರಿಯಬೇಕು.

ಕೃಷಿ ಉತ್ಪನ್ನಗಳ ಸಂಸ್ಕರಣೆ ಕೈಗೊಳ್ಳುವವರು, ಉದಾಹರಣೆಗೆ ಶೇಂಗಾ ಎಣ್ಣೆ ಗಾಣ, ರಾಗಿ ಹಿಟ್ಟು, ಈರುಳ್ಳಿ ಪುಡಿ ಮುಂತಾದ ಘಟಕ ಸ್ಥಾಪಿಸುವವರು, 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯ ಕುರಿತು ಕೃಷಿ ಇಲಾಖೆಯಲ್ಲಿ ವಿಚಾರಿಸಬಹುದು. ಇಲ್ಲಿ ಕೇಂದ್ರದ ಶೇ. 35ರ ಸಹಾಯಧನಕ್ಕೆ ರಾಜ್ಯವು ಶೇ. 15ನ್ನು ಸೇರಿಸಿ, ಒಟ್ಟು ಶೇ. 50ರಂತೆ ಗರಿಷ್ಠ ರೂ. 15 ಲಕ್ಷದವರೆಗೆ ನೀಡುವ ವ್ಯವಸ್ಥೆಯನ್ನು ಕರ್ನಾಟಕದಲ್ಲಿ ಮಾಡಲಾಗಿದೆ. ಇದೂ ಸಾಲಕ್ಕೆ ಜೋಡಿಸಿದ ಸಹಾಯಧನವೇ ಆಗಿದೆ.

5. ಗೊಬ್ಬರ ಮತ್ತು ಕೀಟನಾಶಕ ಮಾರಾಟ ಮಾಡಲು ಬಯಸುವವರಿಗೆ

ಹೋಬಳಿ ಕೇಂದ್ರಗಳಲ್ಲಿ ಪರಿಕರಗಳ ಅಂಗಡಿ ತೆರೆಯುವುದು ಅನೇಕ ಯುವಕರ ಆಯ್ಕೆ. ಈ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯ ಮತ್ತು ಪರವಾನಗಿಗೆ ವಿದ್ಯಾರ್ಹತೆ ಕಡ್ಡಾಯ. ರೈತರು ಕೀಟ ಮತ್ತು ರೋಗಗಳ ಬಗ್ಗೆ ಮೊದಲು ಕೇಳುವುದು ಅಂಗಡಿಯವರನ್ನೇ. ತಪ್ಪು ಔಷಧಿ ಅಥವಾ ತಪ್ಪು ಪ್ರಮಾಣದಿಂದ ಬೆಳೆಗೂ ಸಿಂಪಡಿಸುವವರ ಆರೋಗ್ಯಕ್ಕೂ ಹಾನಿಯಾಗುತ್ತದೆ. ಆದುದರಿಂದಲೇ ಈ ನಿಯಮಗಳನ್ನು ಮಾಡಲಾಗಿದೆ.

ರಸಗೊಬ್ಬರ: ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2015ರಲ್ಲಿ ತಂದ ತಿದ್ದುಪಡಿಯಿಂದ ಮಾರಾಟಗಾರರಿಗೆ ಕೃಷಿ ಪದವಿ, ರಸಾಯನ ಶಾಸ್ತ್ರದ ಪದವಿ ಅಥವಾ ಕೃಷಿ ಡಿಪ್ಲೊಮಾದಂತಹ ಅರ್ಹತೆಯನ್ನು ವಿಧಿಸಲಾಯಿತು. ಅನಂತರದ ತಿದ್ದುಪಡಿಯಲ್ಲಿ, ಕೃಷಿ ವಿಶ್ವವಿದ್ಯಾನಿಲಯ, ಕೃಷಿ ವಿಜ್ಞಾನ ಕೇಂದ್ರ ಮುಂತಾದ ಸಂಸ್ಥೆಗಳು ನಡೆಸುವ, ಸಮಗ್ರ ಪೋಷಕಾಂಶ ನಿರ್ವಹಣೆ ಕುರಿತ ಕನಿಷ್ಠ 15 ದಿನಗಳ ಪ್ರಮಾಣಪತ್ರ ಕೋರ್ಸನ್ನು ಅರ್ಹತೆಯಾಗಿ ಒಪ್ಪಲಾಯಿತು.

ಕೀಟನಾಶಕ: ಕೀಟನಾಶಕ ನಿಯಮಗಳ 2017ರ ತಿದ್ದುಪಡಿಯಂತೆ ಕೃಷಿ ವಿಜ್ಞಾನ, ಜೀವರಸಾಯನ, ಜೈವಿಕ ತಂತ್ರಜ್ಞಾನ, ಜೀವ ವಿಜ್ಞಾನ ಅಥವಾ ರಸಾಯನ, ಸಸ್ಯ, ಪ್ರಾಣಿ ಶಾಸ್ತ್ರಗಳನ್ನು ಓದಿದ ವಿಜ್ಞಾನ ಪದವಿ, ಇಲ್ಲವೇ ಸಸ್ಯ ಸಂರಕ್ಷಣೆಯನ್ನು ಒಳಗೊಂಡ ಕನಿಷ್ಠ ಒಂದು ವರ್ಷದ ಕೃಷಿ ಅಥವಾ ತೋಟಗಾರಿಕೆ ಡಿಪ್ಲೊಮಾ ಅಗತ್ಯ. ಗೊಬ್ಬರಕ್ಕೆ ನಡೆಯುವ 15 ದಿನಗಳ ಪತ್ರವು ಕೀಟನಾಶಕಕ್ಕೆ ನಡೆಯುವುದಿಲ್ಲ ಎಂಬುದನ್ನು ಅರ್ಜಿದಾರರು ವಿಶೇಷವಾಗಿ ಗಮನಿಸಬೇಕು.

ದೇಸಿ ಡಿಪ್ಲೊಮಾ: ಪರಿಕರ ಮಾರಾಟಗಾರರಿಗೆಂದೇ ಹೈದರಾಬಾದಿನ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ, ಅಂದರೆ ಮ್ಯಾನೇಜ್, 2003ರಲ್ಲಿ ಆರಂಭಿಸಿದ ಒಂದು ವರ್ಷದ ಕೋರ್ಸ್ ಇದು. ಒಟ್ಟು 48 ವಾರಗಳ ಪೈಕಿ 40 ವಾರ ತರಗತಿ, 8 ವಾರ ಕ್ಷೇತ್ರ ಭೇಟಿ. ವಾರಕ್ಕೆ ಒಂದು ದಿನ, ಭಾನುವಾರ ಅಥವಾ ಸ್ಥಳೀಯ ರಜೆಯ ದಿನ ಮಾತ್ರ ತರಗತಿ ಇರುವುದರಿಂದ ಅಂಗಡಿಯನ್ನು ಮುಚ್ಚದೆ ಕಲಿಯಬಹುದು. ಬೋಧನೆ ಸ್ಥಳೀಯ ಭಾಷೆಯಲ್ಲಿ ಇರುತ್ತದೆ. ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು. ಇದಕ್ಕೆ ಶುಲ್ಕವಿದೆ. ಸಹಾಯಧನ ದೊರೆಯುವ ತಂಡವೋ, ಪೂರ್ಣ ಶುಲ್ಕ ಪಾವತಿಸಬೇಕಾದ ತಂಡವೋ ಎಂಬುದನ್ನು ಸೇರುವ ಮೊದಲೇ ಕೇಳಿ ತಿಳಿಯಬೇಕು.

ಯಾವುದೇ ಕೋರ್ಸಿಗೆ ಹಣ ಕಟ್ಟುವ ಮೊದಲು, ಇದನ್ನು ಪರವಾನಗಿಗೆ ಪರಿಗಣಿಸಲಾಗುವುದೇ ಎಂಬುದನ್ನು ಜಗಳೂರಿನ ಸಹಾಯಕ ಕೃಷಿ ನಿರ್ದೇಶಕರ ಕಛೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಕ್ಷೇಮ.

6. ಕೆಲಸ ಹುಡುಕುವವರಿಗೆ

ತೋಟಗಾರಿಕೆ ತರಬೇತಿ: ತೋಟಗಾರಿಕೆ ಇಲಾಖೆಯು ರೈತರ ಮಕ್ಕಳಿಗಾಗಿ ಹತ್ತು ತಿಂಗಳ ತರಬೇತಿಯನ್ನು ಬೆಂಗಳೂರಿನ ಲಾಲ್‌ಬಾಗ್‌ನಲ್ಲಿಯೂ ಜಿಲ್ಲೆಗಳಲ್ಲಿರುವ ತರಬೇತಿ ಕೇಂದ್ರಗಳಲ್ಲಿಯೂ ನಡೆಸುತ್ತದೆ. ಸಾಮಾನ್ಯವಾಗಿ ಮೇ ತಿಂಗಳಲ್ಲಿ ಆರಂಭವಾಗಿ ಫೆಬ್ರವರಿಯಲ್ಲಿ ಮುಗಿಯುತ್ತದೆ. ಕನ್ನಡ ವಿಷಯದೊಂದಿಗೆ ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿರಬೇಕು ಮತ್ತು ತಂದೆ, ತಾಯಿ ಅಥವಾ ಪೋಷಕರ ಹೆಸರಿನಲ್ಲಿ ಜಮೀನಿರಬೇಕು. ತರಬೇತಿ ಅವಧಿಯಲ್ಲಿ ಮಾಸಿಕ ಶಿಷ್ಯವೇತನವಿದೆ. ಕಸಿ ಕಟ್ಟುವುದು, ಸಸ್ಯಾಭಿವೃದ್ಧಿ, ನರ್ಸರಿ ನಿರ್ವಹಣೆ ಮುಂತಾದ ಕೆಲಸಗಳನ್ನು ಕೈಯಿಂದಲೇ ಮಾಡಿಸಿ ಕಲಿಸಲಾಗುತ್ತದೆ. ವಯೋಮಿತಿ ಮತ್ತು ಮೀಸಲಾತಿಯ ವಿವರ ಆಯಾ ವರ್ಷದ ಪ್ರಕಟಣೆಯಲ್ಲಿರುತ್ತದೆ. ಮುಂಗಾರು ಬಿತ್ತನೆಯಿಂದ ಕೊಯ್ಲಿನವರೆಗೆ ಅಭ್ಯರ್ಥಿಯು ಮನೆಯಲ್ಲಿ ಇರುವುದಿಲ್ಲವಾದ್ದರಿಂದ ಕುಟುಂಬದವರು ಇದನ್ನು ಯೋಚಿಸಿಯೇ ಕಳುಹಿಸಬೇಕು.

ಯಂತ್ರೋಪಕರಣ: ಐ.ಟಿ.ಐ.ಗಳಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ವೃತ್ತಿಯು ಒಂದು ವರ್ಷದ ಕೋರ್ಸಾಗಿದ್ದು, ಹತ್ತನೆಯ ತರಗತಿ ತೇರ್ಗಡೆಯಾದವರು ಸೇರಬಹುದು. ಟ್ರ್ಯಾಕ್ಟರ್ ಮತ್ತು ಕೊಯ್ಲು ಯಂತ್ರಗಳ ಬಳಕೆ ಹಾಗೂ ದುರಸ್ತಿಯ ಅಲ್ಪಾವಧಿ ತರಬೇತಿಯನ್ನು ಕೇಂದ್ರ ಕೃಷಿ ಸಚಿವಾಲಯದ ದಕ್ಷಿಣ ವಲಯ ಸಂಸ್ಥೆಯು ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ನೀಡುತ್ತದೆ.

ಡ್ರೋನ್: 2021ರ ಡ್ರೋನ್ ನಿಯಮಗಳಂತೆ ಪೈಲಟ್ ಪ್ರಮಾಣಪತ್ರಕ್ಕೆ 18ರಿಂದ 65 ವರ್ಷ ವಯಸ್ಸು ಮತ್ತು ಹತ್ತನೆಯ ತರಗತಿ ತೇರ್ಗಡೆ ಅಗತ್ಯ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ ಅಧಿಕೃತಗೊಂಡ ಸಂಸ್ಥೆಯ ತರಬೇತಿಯನ್ನು ಮಾತ್ರ ಒಪ್ಪಲಾಗುತ್ತದೆ. ಮಹಿಳಾ ಸ್ವಸಹಾಯ ಸಂಘಗಳಿಗಾಗಿ 2023ರ ನವೆಂಬರ್‌ನಲ್ಲಿ ಅನುಮೋದನೆಯಾದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಆಯ್ಕೆಯಾದ ಸದಸ್ಯೆಗೆ 15 ದಿನಗಳ ತರಬೇತಿಯಿದ್ದು, ಅದರಲ್ಲಿ 5 ದಿನ ಹಾರಾಟಕ್ಕೂ 10 ದಿನ ಗೊಬ್ಬರ ಮತ್ತು ಔಷಧಿ ಸಿಂಪಡಣೆಗೂ ಮೀಸಲು.

ತೆಂಗಿನ ಮರ ಏರುವ ತರಬೇತಿ: ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ ತೆಂಗಿನ ಮರದ ಸ್ನೇಹಿತರು ಎಂಬ ಕಾರ್ಯಕ್ರಮದಲ್ಲಿ ಯಂತ್ರದ ನೆರವಿನಿಂದ ಮರ ಏರುವ ಆರು ದಿನಗಳ ತರಬೇತಿ ನೀಡಲಾಗುತ್ತದೆ. ಏರುವವರಿಗೆ ವಿಮಾ ರಕ್ಷಣೆಯೂ ಉಂಟು. ಕೆಲಸಗಾರರ ಕೊರತೆಯಿರುವ ತೋಟದ ಭಾಗಗಳಲ್ಲಿ ಇದು ನೇರವಾಗಿ ದುಡಿಮೆ ಕೊಡುವ ಕೌಶಲ್ಯ.

ಕೃಷಿ ಸಖಿ: ಸ್ವಸಹಾಯ ಸಂಘದ ಸದಸ್ಯೆಯರು ಸಂಜೀವಿನಿ ಒಕ್ಕೂಟದ ಮೂಲಕ ಕೃಷಿ ಸಖಿಯರಾಗಿ ಆಯ್ಕೆಯಾಗಬಹುದು. 2023ರ ಆಗಸ್ಟ್‌ನಲ್ಲಿ ಕೇಂದ್ರದ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಸಚಿವಾಲಯಗಳ ನಡುವೆ ಆದ ಒಪ್ಪಂದದಂತೆ ಇವರಿಗೆ ತರಬೇತಿ ನೀಡಿ ವಿಸ್ತರಣಾ ಸಹಾಯಕಿಯರೆಂದು ಪ್ರಮಾಣೀಕರಿಸಲಾಗುತ್ತಿದೆ. ಮೊದಲ ಹಂತದ 12 ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. ಇದಕ್ಕೆ ಹೊರಗಿನಿಂದ ನೇರವಾಗಿ ಅರ್ಜಿ ಸಲ್ಲಿಸುವ ಪದ್ಧತಿಯಿಲ್ಲ. ಸಂಘದ ಸದಸ್ಯತ್ವವೇ ಮೊದಲ ಮೆಟ್ಟಿಲು.

7. ಡಿಪ್ಲೊಮಾ ಮತ್ತು ಅದರ ಮುಂದಿನ ಹಾದಿ

ಎಸ್.ಎಸ್.ಎಲ್.ಸಿ. ನಂತರ ಎರಡು ವರ್ಷಗಳ ಕೃಷಿ ಡಿಪ್ಲೊಮಾವನ್ನು ರಾಜ್ಯದ ಕೃಷಿ ವಿಶ್ವವಿದ್ಯಾನಿಲಯಗಳು ಕನ್ನಡ ಮಾಧ್ಯಮದಲ್ಲಿ ನಡೆಸುತ್ತಿವೆ. ದಾವಣಗೆರೆ ಜಿಲ್ಲೆಯು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. ಜಿಲ್ಲೆಯೊಳಗೇ, ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ, ಆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದ ಆವರಣದಲ್ಲಿ ಡಿಪ್ಲೊಮಾ ವ್ಯಾಸಂಗದ ವ್ಯವಸ್ಥೆಯಿದೆ.

ಡಿಪ್ಲೊಮಾ ಪಡೆದವರಿಗೆ ಪರಿಕರ ಮಾರಾಟದ ಪರವಾನಗಿಗೆ ಅರ್ಹತೆ ಒದಗುವುದಲ್ಲದೆ ಇನ್ನೊಂದು ಅವಕಾಶವೂ ಇದೆ. 2002ರ ಏಪ್ರಿಲ್‌ನಲ್ಲಿ ಆರಂಭವಾದ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯವಹಾರ ಕೇಂದ್ರಗಳ ಯೋಜನೆಯಡಿ ಕೃಷಿ ಪದವೀಧರರ ಜೊತೆಗೆ ಕನಿಷ್ಠ ಶೇ. 50 ಅಂಕ ಗಳಿಸಿದ ಡಿಪ್ಲೊಮಾದಾರರೂ 45 ದಿನಗಳ ಉಚಿತ ವಸತಿ ತರಬೇತಿ ಪಡೆಯಬಹುದು. ತರಬೇತಿಯ ನಂತರ ವೈಯಕ್ತಿಕವಾಗಿ ರೂ. 20 ಲಕ್ಷದವರೆಗಿನ ಯೋಜನೆಗೆ ಸಾಲ ಪಡೆದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 36, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ಶೇ. 44ರ ಸಹಾಯಧನವನ್ನು ನಬಾರ್ಡ್ ಮೂಲಕ ನೀಡಲು ಯೋಜನೆಯಲ್ಲಿ ಅವಕಾಶ ಕಲ್ಪಿಸಲಾಗಿದೆ. ರೂ. 10 ಲಕ್ಷದ ಯೋಜನೆಗೆ ಲೆಕ್ಕ ಹಾಕಿದರೆ ಇದು ಕ್ರಮವಾಗಿ ರೂ. 3.60 ಲಕ್ಷ ಮತ್ತು ರೂ. 4.40 ಲಕ್ಷ. ಈ ಮೊತ್ತ ಅಭ್ಯರ್ಥಿಯ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇರಿಸಿ ಕೊನೆಯಲ್ಲಿ ಸಾಲಕ್ಕೆ ಹೊಂದಾಣಿಕೆ ಮಾಡಲಾಗುತ್ತದೆ. ಸಾಲದ ಕಂತುಗಳನ್ನು ಕ್ರಮವಾಗಿ ಕಟ್ಟುವವರಿಗೆ ಮಾತ್ರ ಇದರ ಫಲ ದೊರೆಯುತ್ತದೆ.

8. ಕೆಲಸ ಗೊತ್ತಿದ್ದು ಪತ್ರವಿಲ್ಲದವರಿಗೆ

ತಲೆಮಾರುಗಳಿಂದ ಕುರಿ ಸಾಕಿದವರು, ವರ್ಷಗಟ್ಟಲೆ ನರ್ಸರಿಯಲ್ಲಿ ಕಸಿ ಕಟ್ಟಿದವರು, ಹನಿ ನೀರಾವರಿ ಪೈಪುಗಳನ್ನು ಜೋಡಿಸುವವರು ಕೆಲಸವನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಇಂತಹವರ ಕೌಶಲ್ಯವನ್ನು ಪರೀಕ್ಷಿಸಿ ಪ್ರಮಾಣೀಕರಿಸಲು ಪೂರ್ವ ಕಲಿಕೆಯ ಮಾನ್ಯತೆ ಎಂಬ ವಿಧಾನವಿದೆ. ಸಂಕ್ಷಿಪ್ತ ಪರಿಚಯ ತರಬೇತಿಯ ನಂತರ ಮೌಲ್ಯಮಾಪನ ನಡೆಸಿ, ಉತ್ತೀರ್ಣರಾದವರಿಗೆ ಕೌಶಲ್ಯ ಚೌಕಟ್ಟಿನ ಪ್ರಮಾಣಪತ್ರ ನೀಡಲಾಗುತ್ತದೆ. ಶಾಲೆಯನ್ನು ಅರ್ಧದಲ್ಲಿ ಬಿಟ್ಟವರಿಗೂ, ಮಧ್ಯ ವಯಸ್ಸಿನವರಿಗೂ ಇದು ಉಪಯುಕ್ತ.

9. ಖರ್ಚಿನ ಲೆಕ್ಕ

ತರಬೇತಿ ಉಚಿತವೆಂದರೂ ಕುಟುಂಬಕ್ಕೆ ಅದು ಪೂರ್ತಿ ಉಚಿತವಲ್ಲ. ದುಡಿಯುವ ಕೈಯೊಂದು ಅಷ್ಟು ದಿನ ಮನೆಯಲ್ಲಿ ಇರುವುದಿಲ್ಲ. ದಿನದ ದುಡಿಮೆಯನ್ನು ರೂ. 500 ಎಂದು ಊಹಿಸಿದರೆ 25 ದಿನಗಳ ತರಬೇತಿಗೆ ರೂ. 12,500 ಬಿಟ್ಟುಕೊಟ್ಟಂತಾಗುತ್ತದೆ. ವಸತಿ ಇಲ್ಲದ ತರಬೇತಿಯಾದರೆ ಬಿಳಿಚೋಡಿನಿಂದ ದಾವಣಗೆರೆಗೆ ಪ್ರತಿದಿನ ಹೋಗಿ ಬರುವ ಬಸ್ ದರವನ್ನೂ ಮಧ್ಯಾಹ್ನದ ಊಟವನ್ನೂ ಸೇರಿಸಬೇಕು. ಈ ಮೊತ್ತವನ್ನು ಒಂದು ಹಾಳೆಯ ಎಡಕ್ಕೂ, ಪ್ರಮಾಣಪತ್ರದಿಂದ ಮೊದಲ ವರ್ಷದಲ್ಲಿ ಬರಬಹುದಾದ ಆದಾಯವನ್ನು ಬಲಕ್ಕೂ ಬರೆದು ನೋಡುವುದು ಒಳ್ಳೆಯದು. ಬಲಭಾಗದಲ್ಲಿ ಏನನ್ನು ಬರೆಯಬೇಕೆಂದೇ ತಿಳಿಯದಿದ್ದಲ್ಲಿ, ಆ ತರಬೇತಿಗೆ ಸೇರುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಅದೇ ಕಸುಬಿನಲ್ಲಿರುವ ಊರಿನವರಲ್ಲಿ ವಿಚಾರಿಸಬೇಕು. ಸಾಧ್ಯವಾದಲ್ಲಿ ಕೊಯ್ಲು ಮುಗಿದ ನಂತರದ ತಿಂಗಳುಗಳಲ್ಲಿ ನಡೆಯುವ ತಂಡವನ್ನು ಆರಿಸಿಕೊಂಡರೆ ನಷ್ಟ ಕಡಿಮೆ.

10. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

ಪ್ರತಿ ತರಬೇತಿಯ ಪ್ರಕಟಣೆಯಲ್ಲಿ ದಾಖಲೆಗಳ ಪಟ್ಟಿಯಿರುತ್ತದೆ. ಸಾಮಾನ್ಯವಾಗಿ ಕೇಳಲಾಗುವವು ಇವು:

- ಎಸ್.ಎಸ್.ಎಲ್.ಸಿ. ಅಥವಾ ಕೊನೆಯದಾಗಿ ಓದಿದ ತರಗತಿಯ ಅಂಕಪಟ್ಟಿ
- ಆಧಾರ್ ಮತ್ತು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ಪಾಸ್ ಪುಸ್ತಕ
- ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮೀಸಲಾತಿ ಅಥವಾ ರಿಯಾಯಿತಿ ಕೋರುವವರಿಗೆ
- ಪಹಣಿ ಮತ್ತು ಫ್ರೂಟ್ಸ್ ನೋಂದಣಿ ಸಂಖ್ಯೆ, ಜಮೀನಿನ ಷರತ್ತು ಇರುವ ಕಡೆ
- ಇತ್ತೀಚಿನ ಭಾವಚಿತ್ರಗಳು

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಛೇರಿಯಲ್ಲಿ ಪಡೆಯಬಹುದು. ಇವು ಸಕಾಲ ಸೇವೆಗಳ ವ್ಯಾಪ್ತಿಗೆ ಸೇರಿದ್ದು, ಅರ್ಜಿ ಸಲ್ಲಿಸಿದಾಗ ಸ್ವೀಕೃತಿಯನ್ನು ತಪ್ಪದೆ ಪಡೆದಿಟ್ಟುಕೊಳ್ಳಬೇಕು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷಗಳ ಅವಧಿಯಿದೆ. ಹಳೆಯ ಪತ್ರದ ದಿನಾಂಕವನ್ನು ಒಮ್ಮೆ ನೋಡಿಕೊಳ್ಳಬೇಕು.

ಅರ್ಜಿದಾರರನ್ನು ಬಹುವಾಗಿ ಅಲೆದಾಡಿಸುವ ಸಂಗತಿ ಹೆಸರಿನ ವ್ಯತ್ಯಾಸ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ನಂತರ ಇದ್ದು, ಆಧಾರ್‌ನಲ್ಲಿ ಮೊದಲೇ ಇದ್ದು, ಬ್ಯಾಂಕಿನಲ್ಲಿ ಇಲ್ಲವೇ ಇಲ್ಲ ಎಂಬಂತಹ ಸಣ್ಣ ವ್ಯತ್ಯಾಸದಿಂದಲೂ ಶಿಷ್ಯವೇತನ ಜಮೆಯಾಗದಿರಬಹುದು ಅಥವಾ ಪ್ರಮಾಣಪತ್ರದಲ್ಲಿ ತಪ್ಪು ಹೆಸರು ಮುದ್ರಿತವಾಗಬಹುದು. ಮುದ್ರಿತವಾದ ಮೇಲೆ ತಿದ್ದಿಸುವುದಕ್ಕಿಂತ ಅರ್ಜಿಗೆ ಮೊದಲೇ ಮೂರೂ ದಾಖಲೆಗಳಲ್ಲಿ ಹೆಸರು ಮತ್ತು ಜನ್ಮ ದಿನಾಂಕ ಒಂದೇ ಆಗಿರುವಂತೆ ಮಾಡಿಕೊಳ್ಳುವುದು ಸುಲಭ. ಪಹಣಿಯು ಮೃತರಾದ ಅಜ್ಜನ ಹೆಸರಿನಲ್ಲಿಯೇ ಇದ್ದರೆ ಪೌತಿ ಖಾತೆಗೂ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು.

11. ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಅ) ಪ್ರಮಾಣಪತ್ರಕ್ಕೆ ಸಹಿ ಮಾಡುವವರು ಯಾರು? ವಿಶ್ವವಿದ್ಯಾನಿಲಯವೇ, ಇಲಾಖೆಯೇ, ಕೌಶಲ್ಯ ಪರಿಷತ್ತೇ ಅಥವಾ ತರಬೇತಿ ನಡೆಸುವ ಸಂಸ್ಥೆ ಮಾತ್ರವೇ?

ಆ) ಕೊನೆಯಲ್ಲಿ ಪರೀಕ್ಷೆಯಿದೆಯೇ? ಅದನ್ನು ನಡೆಸುವವರು ಯಾರು?

ಇ) ಯಾವ ನಿಯಮ, ಯಾವ ಯೋಜನೆ ಅಥವಾ ಯಾವ ಹುದ್ದೆಗೆ ಇದನ್ನು ಒಪ್ಪಲಾಗುತ್ತದೆ? ಅದನ್ನು ಬರವಣಿಗೆಯಲ್ಲಿ ತೋರಿಸುತ್ತಾರೆಯೇ?

ಈ) ಶುಲ್ಕವೆಷ್ಟು? ರಸೀದಿ ಕೊಡುತ್ತಾರೆಯೇ?

ಉ) ಪ್ರಮಾಣಪತ್ರದ ನೈಜತೆಯನ್ನು ಪರಿಶೀಲಿಸುವ ಬಗೆ ಹೇಗೆ? ಕೌಶಲ್ಯ ಚೌಕಟ್ಟಿನ ಪ್ರಮಾಣಪತ್ರಗಳಲ್ಲಿ ಕ್ಯೂಆರ್ ಸಂಕೇತವಿದ್ದು, ಮೊಬೈಲಿನಿಂದಲೇ ಪರಿಶೀಲಿಸಬಹುದು.

ಸರ್ಕಾರಿ ಕೆಲಸ ಖಚಿತವೆಂದು ಹೇಳಿ ಹಣ ಕೇಳುವವರನ್ನು ನಂಬಬಾರದು. ಮೇಲೆ ವಿವರಿಸಿದ ಯಾವುದೇ ತರಬೇತಿಯು ಸರ್ಕಾರಿ ಹುದ್ದೆಯ ಭರವಸೆಯಲ್ಲ. ಇಲಾಖೆಗಳ ಹುದ್ದೆಗಳಿಗೆ ನೇಮಕಾತಿ ನಿಯಮಗಳಲ್ಲಿ ಪ್ರತ್ಯೇಕ ವಿದ್ಯಾರ್ಹತೆಯಿದ್ದು, ಅಧಿಸೂಚನೆ ಮತ್ತು ಸ್ಪರ್ಧಾತ್ಮಕ ಆಯ್ಕೆಯ ಮೂಲಕವೇ ಅವು ಭರ್ತಿಯಾಗುತ್ತವೆ. ಪದವಿಪೂರ್ವ ಹಂತದಲ್ಲಿ ಹಿಂದೆ ಇದ್ದ ಜೆ.ಓ.ಸಿ. ವೃತ್ತಿ ಶಿಕ್ಷಣ ಕೋರ್ಸುಗಳು ಈಗ ಇಲ್ಲವಾದ್ದರಿಂದ ಆ ಹೆಸರಿನಲ್ಲಿ ಪ್ರವೇಶ ಕೊಡಿಸುವುದಾಗಿ ಹೇಳುವವರ ಬಗ್ಗೆಯೂ ಎಚ್ಚರಿಕೆ ಅಗತ್ಯ.

12. ಅರ್ಜಿ ಸಲ್ಲಿಸುವ ಕ್ರಮ

ಕೃಷಿ ಮತ್ತು ಪರಿಕರ ಮಾರಾಟಕ್ಕೆ ಸಂಬಂಧಿಸಿದ ತರಬೇತಿಗಳಿಗೆ ಬಿಳಿಚೋಡಿನ ರೈತ ಸಂಪರ್ಕ ಕೇಂದ್ರ ಅಥವಾ ಜಗಳೂರಿನ ಸಹಾಯಕ ಕೃಷಿ ನಿರ್ದೇಶಕರ ಕಛೇರಿಯನ್ನು, ತೋಟಗಾರಿಕೆ ತರಬೇತಿಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯನ್ನು, ಕುರಿ ಮತ್ತು ಹೈನುಗಾರಿಕೆಗೆ ಪಶು ಆಸ್ಪತ್ರೆಯನ್ನು, 200 ಗಂಟೆಗಳ ತರಬೇತಿಗೆ ದಾವಣಗೆರೆಯ ಕೃಷಿ ವಿಜ್ಞಾನ ಕೇಂದ್ರವನ್ನು, ಕೃಷಿ ಸಖಿ ಹಾಗೂ ಸ್ವಸಹಾಯ ಸಂಘಗಳ ತರಬೇತಿಗೆ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟವನ್ನು ಸಂಪರ್ಕಿಸಬಹುದು. ಆಸನಗಳು ಸೀಮಿತವಾಗಿದ್ದು ಪ್ರಕಟಣೆಯ ಅವಧಿಯೂ ಚಿಕ್ಕದಾಗಿರುವುದರಿಂದ ದಾಖಲೆಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳುವುದು ಒಳಿತು. ಶುಲ್ಕ, ವಯೋಮಿತಿ ಮತ್ತು ಸಹಾಯಧನದ ಪ್ರಮಾಣಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುತ್ತವೆ. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಆದೇಶವೇ ಅಂತಿಮ.

ಅರ್ಜಿ ನಮೂನೆಯನ್ನು ಭರ್ತಿ ಮಾಡುವ ಮೊದಲು ಅರ್ಜಿದಾರರು ತಮ್ಮ ಉದ್ದೇಶವನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಲು ಕೋರಲಾಗಿದೆ. ಆ ವಾಕ್ಯವನ್ನು ಸಂಬಂಧಿಸಿದ ಕಛೇರಿಯ ಸಿಬ್ಬಂದಿಗೆ ತೋರಿಸಿದಲ್ಲಿ ಸೂಕ್ತ ತರಬೇತಿಯನ್ನು ಸೂಚಿಸುವುದು ಅವರಿಗೂ, ಸಮಯ ಮತ್ತು ಹಣ ಉಳಿಸುವುದು ಅರ್ಜಿದಾರರಿಗೂ ಸುಲಭವಾಗುತ್ತದೆ.